ರಫೀಕ್ ಭಾಯ್, ಕಾಲು ಕುಣಿದದ್ದು ಹಾಡಿಗೋ, ಖಾರಕ್ಕೋ?

ಸುಳ್ಳು ಸುದ್ದಿ ಅಂತ ಫೋನ್ ಕಟ್ ಮಾಡಿದೆ...
ಮತ್ತೆ ರಿಂಗ್ ಆಯಿತು.
ಮತ್ತೆ ಅದೇ ಮಾತು.
ರಫೀಕ್ ಭಾಯ್ ಇಲ್ಲ.

ಬೆಳಿಗ್ಗೆ ಲಿಂಗಸುಗೂರಿನಲ್ಲಿ ಒಂದು ಮದುವೆಗೆ ಡಿಜೆ ಬಾಕ್ಸ್ ಜೋಡಿಸುತ್ತಿದ್ದಾಗ ಬಂದ ಫೋನ್ ಅದು. ಭಾಯ್ ನಮಾಜ್ ಮುಗಿಸಿ ಬಂದು ಕೂತವರು ಏಳಲೇ ಇಲ್ಲವಂತೆ... ಹಾರ್ಟ್ ಅಟ್ಯಾಕ್.
ಈಗ ಸಂಜೆಯಾಗಿದೆ. ಇನ್ನೂ ನಂಬಿಕೆ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಸಿಂಧನೂರಿನಲ್ಲಿ ಮಸ್ಕಿಗೆ ಹೋಗುವ ರೋಡಿಗೆ ನಾಲ್ಕು ಟೇಬಲ್ಲಿನ ಪಿಜ್ಜಾ ಅಂಗಡಿ. ಓವನ್ ಮುಂದೆ ಭಾಯ್, ಕೌಂಟರ್‌ನಲ್ಲಿ ಅವರ ತಮ್ಮ ಹುಸೇನ್.
ನಾನು ಹೊಟ್ಟೆಪಾಡಿಗೆ ಮದುವೆಗಳಲ್ಲಿ ಹಾಡು ಹಚ್ಚುವವನು. ಮನಸ್ಸು ಮಾತ್ರ ಎಲೆಕ್ಟ್ರಾನಿಕ್ ಮ್ಯೂಸಿಕ್ ಮೇಲೆ. ಮಾತಿಲ್ಲದ ಟ್ರ್ಯಾಕ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ನಾನೇ ಮಾಡುತ್ತೇನೆ.
ಪೂರ್ತಿ ಕೇಳುವವರು ಯಾರೂ ಇಲ್ಲ... ಒಂದು ನಿಮಿಷಕ್ಕೇ "ಹಾಡು ಯಾವಾಗ ಬರ್ತೈತಿ?" ಅನ್ನುತ್ತಾರೆ.

ಭಾಯ್ ಕೂಡ ಮೊದಲ ದಿನ ಅದನ್ನೇ ಕೇಳಿದರು.
ಆದರೆ ಅಲ್ಲಿಗೆ ಬಿಡಲಿಲ್ಲ.
"ಲೇ ಬಸು, ಬಡಿತ ಅದ ಐತಿ. ಆದ್ರೂ ಏನೋ ಬದಲಾಗಾಕತ್ತೈತಿ. ಏನದು?"
ಮೇಲೆ ಒಂದೊಂದೇ ಸದ್ದು ಸೇರಿಸುತ್ತೇನೆ, ತೆಗೆಯುತ್ತೇನೆ ಅಂದೆ.
"ನಂದೂ ಅದ ಕತಿ ನೋಡು. ದಿನಾ ಅದ ಮೈದಾ, ಅದ ನೀರು. ದಿನಾ ಬ್ಯಾರೆ ನಮೂನಿ ಉಬ್ಬತೈತಿ. ಯಾಕಂತ ನನಗ ಇನ್ನಾ ತಿಳಿದಿಲ್ಲ!"

ಅವರ ಪ್ರಶ್ನೆಗಳಿಗೆ ಲೆಕ್ಕವೇ ಇರಲಿಲ್ಲ...
ಸ್ಪೀಕರಿನ ಬಾಸ್ ಸದ್ದು ಕಿವಿ ಬಿಟ್ಟು ಎದೆಗೆ ಯಾಕ ಬಡಿತೈತಿ?
ದಢೇಸುಗೂರಿನ ಮಂದಿಗೆ ಚೀಸ್ ಸೇರ್ತೈತಿ, ಸಾಸ್ ಯಾಕ ಸೇರಂಗಿಲ್ಲ?
ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಅವರಿಗೆ ಅದರಿಂದ ಇನ್ನೂ ಖುಷಿ.

ಹಾಗಾಗಿಯೇ ಮಂಗಳವಾರ ಮಧ್ಯಾಹ್ನದ ಟೆಸ್ಟಿಂಗ್ ಶುರುವಾದದ್ದು. ಗಿರಾಕಿಗಳಿಗೆ ಹೇಳುತ್ತಿರಲಿಲ್ಲ.
ನಾನು ಹೊಸ ಟ್ರ್ಯಾಕ್ ಹಚ್ಚಿ, ಟೇಬಲ್ ಕೆಳಗೆ ಕಾಲು ಅಲ್ಲಾಡುತ್ತವಾ ಅಂತ ನೋಡುವುದು.
ಭಾಯ್ ಹೊಸ ಪಿಜ್ಜಾ ಕೊಟ್ಟು, ತಟ್ಟೆಯಲ್ಲಿ ಅಂಚು ಉಳಿಯುತ್ತದಾ ಅಂತ ನೋಡುವುದು. ಆ ದಪ್ಪ ಅಂಚನ್ನು ನಮ್ಮ ಜನ ತಿನ್ನುವುದೇ ಇಲ್ಲ.

ಒಂದು ಮಂಗಳವಾರ ಎಲ್ಲರ ಕಾಲೂ ಕುಣಿದವು.
ಒಂದು ತಟ್ಟೆಯಲ್ಲೂ ಅಂಚು ಉಳಿಯಲಿಲ್ಲ!
ನಾವಿಬ್ಬರೂ ಗೆದ್ದೆವು ಅಂದುಕೊಂಡೆವು.
ಅದೇ ವಾರ ಮಸ್ಕಿಯಲ್ಲಿ ಮದುವೆ ಮೆರವಣಿಗೆಗೆ ಆ ಟ್ರ್ಯಾಕ್ ಹಚ್ಚಿದೆ... ಕುಣಿಯುತ್ತಿದ್ದವರೂ ನಿಂತುಬಿಟ್ಟರು. ಮದುಮಗನ ಕಾಕಾ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ, "ಮಷೀನ್ ಕೆಟ್ಟೈತೇನ್ರಿ?"

ಭಾಯ್...
ಆಮೇಲೆ ಕಂಡುಹಿಡಿದದ್ದು ನೀನೇ ಅಲ್ಲವಾ?
ಅವತ್ತು ನೀನು ಚೀಸ್ ಕೆಳಗೆ ಕೆಂಪು ಖಾರ ಸವರಿದ್ದೆ. ಜನ ಕಾಲು ಅಲ್ಲಾಡಿಸಿದ್ದು ಖಾರ ತಾಳಲಾರದೆ... ಅಂಚು ತಿಂದದ್ದು ಬಾಯಿ ಉರಿ ತಡೆಯಲಾರದೆ!
"ಇಬ್ರೂ ಒಂದ ದಿನ ಪರೀಕ್ಷಾ ಇಟ್ರ ಹಿಂಗ ಆಗೂದು ಬೇ" ಅಂತ ನೀನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ.
ಅಂದಿನಿಂದ ಒಂದು ವಾರ ಪಿಜ್ಜಾ, ಒಂದು ವಾರ ಮ್ಯೂಸಿಕ್.

ಬರುವ ಮಂಗಳವಾರ ನನ್ನ ಸರದಿ ಇತ್ತು.
ಎಂಟು ನಿಮಿಷದ ಹೊಸ ಟ್ರ್ಯಾಕ್... ಮೊದಲೇ ನಿನ್ನ ಫೋನಿಗೆ ಕಳಿಸಿದ್ದೆ. ನಿನಗೂ ಹಿಡಿಸದಿದ್ದರೆ ಇನ್ನು ಮಾಡುವುದನ್ನೇ ಬಿಡುತ್ತೇನೆ ಅಂದಿದ್ದೆ.
"ಕೇಳಿ ಹೇಳ್ತೀನಿ ತಡಿ" ಅಂದೆ ನೀನು.
ಹೇಳದೇ ಹೋದೆಯಲ್ಲ ಭಾಯ್...
ಸಿಟ್ಟು ಬರುತ್ತಿದೆ ನಿನ್ನ ಮೇಲೆ. ನಿಜವಾಗಿಯೂ ಸಿಟ್ಟು.

ಮಧ್ಯಾಹ್ನ ಮಣ್ಣು ಕೊಟ್ಟು ಬಂದೆವು.
ಖಬರಸ್ತಾನದ ಗೇಟಿನಲ್ಲಿ ಹುಸೇನ್ ನನ್ನ ಕೈ ಹಿಡಿದುಕೊಂಡು ನಿಂತ. ಅದು ಕೇಳುವ ಹೊತ್ತಲ್ಲ. ನಾಚಿಕೆ ಬಿಟ್ಟು ಕೇಳಿದೆ.
"ಭಾಯ್ ನನ್ನ ಟ್ರ್ಯಾಕ್ ಕೇಳಿದ್ರಾ?"
"ಹ್ಞೂಂ. ನಿನ್ನೆ ಹಿಟ್ಟು ನಾದೂದು ಬಿಟ್ಟು, ಕುಂತು ಕೇಳ್ಯಾರ."
"ಏನಂದ್ರು?"
"ಏನೂ ಅನ್ಲಿಲ್ಲ ಬಸು...
ಟ್ರ್ಯಾಕ್ ಮುಗೀತು. ಮತ್ತ ಮೊದಲಿಂದ ಹಚ್ಚಿದ್ರು."

ಅಲ್ಲಾ ನಿನ್ನ ಜೀವವನ್ನು ತಣ್ಣಗಿಡಲಿ...
ನೆಮ್ಮದಿಯಾಗಿರು ಭಾಯ್.