ದೀಪವಿದ್ದು ಹೊಗೆಯಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹರಪನಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕಿರಲಿಲ್ಲ ಅಂತ ಕಾಣುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಶಾಲೆಯೊಂದಕ್ಕೆ ಟೀಚರಾಗಿ ಸೇರಿದೆ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಹೆಣ್ಣು ನಾನು. ಅವ್ವ ಹಿರೇಹಡಗಲಿಯ ಮನೆಯ ಬಾಗಿಲು ಎಳೆದುಕೊಂಡು ನನ್ನ ಜೊತೆಗೇ ಬಂದಳು. ಶಾಲೆಯ ಉಗ್ರಾಣದಲ್ಲಿ, ಹರಿದ ನಕಾಶೆ ಮತ್ತು ಮುರಿದ ಬೆಂಚುಗಳ ನಡುವೆ ದೀಪಾವಳಿಯವರೆಗೆ ಇರಲು ದೊಡ್ಡ ಟೀಚರು ಬಿಟ್ಟಿದ್ದರು. ಅಷ್ಟರೊಳಗೆ ಮನೆ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಬಾ ಎಂದು ಅಣ್ಣ ಪತ್ರ ಬರೆದಿದ್ದ. ನನಗೊಂದು ಗಂಡನ್ನೂ ನೋಡಿಟ್ಟಿದ್ದ.

ಸಂಜೆ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಬೀದಿ ಬೀದಿ ತಿರುಗುತ್ತಿದ್ದೆವು. ಮಾಳಿಗೆಗಳ ಬೆಳಕಿಂಡಿಯಿಂದ ಒಲೆಯ ಹೊಗೆ ಎದ್ದು ಓಣಿಯೆಲ್ಲ ನೀಲಿಯಾಗುವ ಹೊತ್ತು ಅದು. ಆ ನೀಲಿಯಲ್ಲಿ ನಡೆಯುತ್ತ ಕಂಡ ಕಂಡ ಮನೆಯಲ್ಲೆಲ್ಲ ನಾನು ಸಂಸಾರ ಹೂಡುತ್ತಿದ್ದೆ. ಈ ಗೂಡಿನಲ್ಲಿ ನನ್ನ ಪುಸ್ತಕ, ಆ ಕಿಟಕಿಯ ಕೆಳಗೆ ಅವ್ವನ ಬೀಸುಕಲ್ಲು, ಹಿತ್ತಲಿಗೊಂದು ನುಗ್ಗೆ ಗಿಡ. ಬಾಗಿಲು ತೆರೆದವರು ಒಳ್ಳೆಯ ಮಾತಿನಿಂದಲೇ ಶುರು ಮಾಡುತ್ತಿದ್ದರು. ಆಮೇಲೆ ಊರಲ್ಲಿ ನಿಮ್ಮ ಓಣಿ ಯಾವುದು, ಯಾವ ದೇವರ ಒಕ್ಕಲು ಎಂದು ಸುತ್ತು ಹಾಕಿ ಕೇಳುತ್ತಿದ್ದರು. ನಾನು ಸುತ್ತು ಹಾಕದೆ ಹೇಳುತ್ತಿದ್ದೆ. ಕೂಡಲೇ ಅವರಿಗೆ ಒಬ್ಬ ಅಳಿಯ ನೆನಪಾಗುತ್ತಿದ್ದ. ಬರುವ ವಾರವೇ ಅವನು ಆ ಮನೆಗೆ ಬರುವವನಿರುತ್ತಿದ್ದ. ಆ ಅಳಿಯಂದಿರೆಲ್ಲ ನಿಜಕ್ಕೂ ಬಂದಿದ್ದರೆ ಊರವರು ಬೀದಿಯಲ್ಲಿ ಮಲಗಬೇಕಾಗುತ್ತಿತ್ತು.

ಆಗ ಒಂದು ಕಾಯಿದೆ ಇತ್ತು. ಬಾಡಿಗೆ ಮನೆ ಖಾಲಿಯಾದರೆ ಮಾಲೀಕರು ಸರ್ಕಾರಕ್ಕೆ ತಿಳಿಸಬೇಕು. ಸರ್ಕಾರ ಅದನ್ನು ಅರ್ಜಿ ಹಾಕಿದವರಿಗೆ ನ್ಯಾಯವಾದ ಬಾಡಿಗೆಗೆ ಹಂಚಬೇಕು. ನಾನೂ ಅರ್ಜಿ ಕೊಟ್ಟೆ. ಖಾಲಿ ಇದೆಯೆಂದು ಯಾರೂ ತಿಳಿಸಿಲ್ಲ, ನೀವೇ ಒಂದು ಮನೆ ತೋರಿಸಿದರೆ ಆದೇಶ ಬರೆಸುತ್ತೇವೆ ಎಂದರು ಕಚೇರಿಯವರು. ಮಾಲೀಕರೇನು ದಡ್ಡರೇ? ಖಾಲಿ ಮನೆಯ ಮುಂದೆ ರಂಗೋಲಿ ಹಾಕಿ, ತಂತಿಗೆ ಯಾರದೋ ಧೋತರ ಒಣಹಾಕಿ, ಸಂಜೆಗೊಂದು ದೀಪ ಹಚ್ಚಿಡುತ್ತಿದ್ದರು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಂದು ಸಂಜೆ ಓಣಿಯ ತಿರುವಿನಲ್ಲಿ ನಿಂತು, ಸಣ್ಣ ಮನೆಯೊಂದರ ಮಾಳಿಗೆಯನ್ನೇ ನೋಡಿದಳು.

"ದೀಪ ಐತಿ, ಹೊಗಿ ಇಲ್ಲ," ಎಂದಳು.

ಮತ್ತೆ ಮೂರು ಸಂಜೆ ಹೋಗಿ ನೋಡಿದೆವು. ಸುತ್ತಲ ಮನೆಗಳೆಲ್ಲ ಹೊಗೆಯಾಡುತ್ತಿದ್ದವು. ಅದೊಂದು ಮಾತ್ರ ದೀಪ ಹಿಡಿದುಕೊಂಡು ಉಪವಾಸ ಕೂತಿತ್ತು. ನಾನು ಮನೆಯ ನಂಬರು ಬರೆದುಕೊಟ್ಟೆ. ಕಚೇರಿಯವರು ಬಂದು ಬಾಗಿಲು ತೆಗೆಸಿದರೆ, ಒಲೆಯೊಳಗೆ ಬೆಕ್ಕು ಮರಿ ಹಾಕಿತ್ತು. ಇನ್ನೇನು ಸಾಕ್ಷಿ ಬೇಕು?

ಮನೆಯೊಡತಿ ಪಕ್ಕದ ಮನೆಯ ಅಜ್ಜಿ. ಹಣೆ ತುಂಬ ವಿಭೂತಿ, ಹಿಂದೆ ಮುಂದೆ ಯಾರೂ ಇಲ್ಲ.

"ಸರ್ಕಾರಕ್ಕ ಮೋಸ ಮಾಡಾಕ ದೀಪ ಹಚ್ಚಿಲ್ರಿ. ಖಾಲಿ ಮನಿ ಕತ್ಲಾಗಿದ್ರ ಹೆದರ್ತೈತಿ," ಎಂದರು.

ನನಗೆ ನಗು ಬಂತು. ಹೆದರುವ ಮನೆಯನ್ನು ನಾನು ಕಂಡಿರಲಿಲ್ಲ.

ದೀಪಾವಳಿಗೆ ಇನ್ನು ನಾಲ್ಕು ದಿನವಿದ್ದಾಗ ಆದೇಶ ಕೈಗೆ ಬಂತು. ಅಜ್ಜಿ ಅದನ್ನು ಓದಿಸಿ ಕೇಳಿದರು, ಒಳಗಿಂದ ಕೀಲಿಕೈ ತಂದರು, ಬಾಗಿ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. ನಾನು ಕೈ ಚಾಚಿಯೇ ನಿಂತಿದ್ದೆ. ಅವ್ವ ಏನೂ ಆಗದವಳಂತೆ ಬಾಗಿ ಎತ್ತಿಕೊಂಡಳು. ನನಗೆ ಮೈ ಉರಿಯಿತು. ಒಂದು ದಿನ ಇದನ್ನು ಹೀಗೇ ವಾಪಸು ಇಡುತ್ತೇನೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಆ ಮನೆಯಲ್ಲಿ ಏಳು ವರ್ಷ ಇದ್ದೆವು. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿದ ಬಿಸಿಲು ಅಡುಗೆಮನೆ ದಾಟಿ, ನನ್ನ ಪುಸ್ತಕದ ಗೂಡು ಮುಟ್ಟಿ, ಗೋಡೆ ಹತ್ತಿ ಹೋಗುತ್ತಿತ್ತು. ರಜೆಯ ದಿನ ಅದನ್ನೇ ನೋಡುತ್ತ ಮಲಗಿದರೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಸುಖವಾಗಿದ್ದೆ. ಅಜ್ಜಿಯೊಂದಿಗೆ ಮಾತ್ರ ಬೇಕೆಂದೇ ಮಾತು ಬೆಳೆಸಲಿಲ್ಲ.

ಒಮ್ಮೆ ನಮ್ಮಿಬ್ಬರಿಗೂ ಜ್ವರ ಬಂದು ಒಲೆ ಹಚ್ಚಲಾಗಲಿಲ್ಲ. ಸಂಜೆ ಬಾಗಿಲಾಚೆ ಅಜ್ಜಿಯ ದನಿ ಕೇಳಿತು.

"ಯಾಕವ್ವ, ಇವತ್ತು ನಿಮ್ಮನಿಯಾಗ ಹೊಗಿ ಇಲ್ಲ?"

ಎದ್ದು ಹೋಗಿ ನೋಡಿದರೆ ಹೊಸ್ತಿಲ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಲೆ. ಅವ್ವ ಕಣ್ಣಿಗೊತ್ತಿಕೊಂಡು ತಿಂದಳು. ನಾನೂ ತಿಂದೆ, ಆದರೆ ಗಂಟು ಬಿಚ್ಚಲಿಲ್ಲ.

ಆಮೇಲೆ ನನಗೆ ಕೂಡ್ಲಿಗಿಗೆ ವರ್ಗವಾಯಿತು. ಅಲ್ಲಿ ಸರ್ಕಾರಿ ವಸತಿಗೃಹವೇ ಸಿಕ್ಕಿತು. ಹೊರಟ ದಿನ ಸಂಜೆಯ ಬಸ್ಸಿಗೆಂದು ಅವ್ವನನ್ನೂ ಸಾಮಾನನ್ನೂ ಮುಂದೆ ಕಳಿಸಿ, ಬಾಗಿಲು ಹಾಕಿ, ಅಜ್ಜಿಯ ಮನೆ ಮುಂದೆ ನಿಂತೆ. ಅಜ್ಜಿ ಬಾಗಿಲಿಗೆ ಬಂದರು. ಏಳು ವರ್ಷ ಕಾದಿದ್ದ ಗಳಿಗೆ. ಅವರ ಮುಖವನ್ನೂ ನೋಡದೆ ಬಾಗಿ, ಕೀಲಿಕೈಯನ್ನು ಅವರ ಹೊಸ್ತಿಲ ಮೇಲಿಟ್ಟೆ.

ತಲೆ ಎತ್ತಿದಾಗ ಅಜ್ಜಿಯ ಕೈ ನನ್ನೆದುರಿಗೆ ಚಾಚಿತ್ತು. ಯಾವಾಗ ಚಾಚಿದ್ದರೋ, ನಾನು ನೋಡಿರಲಿಲ್ಲ. ಬೆರಳುಗಳಿಗೆ ದೀಪದ ಎಣ್ಣೆ ಮೆತ್ತಿತ್ತು. ನನಗೆ ಎಂಥ ನಾಚಿಕೆಯಾಯಿತೆಂದರೆ, ಕೀಲಿಕೈ ಎತ್ತಿ ಆ ಕೈಯೊಳಗಿಡಬೇಕೆಂಬುದೂ ಹೊಳೆಯಲಿಲ್ಲ. ಅಜ್ಜಿಯೇ ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಬಾಗಿ ಎತ್ತಿಕೊಂಡರು. ನಮ್ಮ ಮನೆಯ ಕಡೆ ನೋಡಿದರು.

"ಒಳಗ ದೀಪ ಹಚ್ಚಿ ಬಂದೀಯೇನವ್ವ?"

ನಾನು ಹಚ್ಚಿರಲಿಲ್ಲ.