ಗೋಕರ್ಣದ ಐದು ಕಡಲತೀರ, ಅವ್ವನ ಸೋಮವಾರ

ಗೋಕರ್ಣದಲ್ಲಿ ಬಸ್ಸಿಳಿದಾಗ ಬೆಳಗ್ಗೆ ಏಳೂವರೆ. ಬೆಂಗಳೂರಿನಿಂದ ತಲೆಗೆ ಆರುನೂರು ಚಿಲ್ಲರೆ ಟಿಕೆಟ್ಟು, ಹನ್ನೆರಡು ಗಂಟೆಯ ದಾರಿ. ನಾವು ನಾಲ್ವರಲ್ಲಿ ಮೂವರು ದಾರಿಯುದ್ದಕ್ಕೂ ಚೆನ್ನಾಗಿ ನಿದ್ದೆ ಮಾಡಿದ್ದರು. ಡ್ರೈವರು ನಿದ್ದೆ ಮಾಡಿಬಿಟ್ಟರೆ ಎಂದು ಎಚ್ಚರವಿದ್ದು ಕಾವಲು ಕಾಯ್ದವನು ನಾನೊಬ್ಬನೇ.

ನಾಲ್ವರೆಂದರೆ ನಾನು, ಹೆಂಡತಿ ಸುಜಾತ, ಎಂಟನೇ ಕ್ಲಾಸಿನ ಮಗಳು ಮೇಘ, ಮತ್ತು ಅರವತ್ತೆಂಟು ವರ್ಷದ ನನ್ನವ್ವ ಮುನಿಯಮ್ಮ. ಮನೆ ಬೈಯಪ್ಪನಹಳ್ಳಿ. ನನ್ನ ಕೆಲಸ ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ದಿನಕ್ಕೆ ಎಂಟು ಗಂಟೆ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಮಿಕ್ಕ ಹದಿನಾರು ಗಂಟೆ ಸುಮ್ಮನಿರಲು ಬರುವುದಿಲ್ಲ. ನನ್ನ ಬೆನ್ನಿನ ಚೀಲದಲ್ಲಿ ಮೂರು ಬಾಟಲಿ ನೀರು, ಗ್ಲೂಕೋಸು, ಕ್ರೇಪ್ ಬ್ಯಾಂಡೇಜು, ಟಾರ್ಚು, ಕೊಡೆ, ಹಗ್ಗ ಮತ್ತು ಒಂದು ಸೀಟಿ ಇದ್ದವು. ಹಗ್ಗ ಯಾಕೆ ಎಂದು ಸುಜಾತ ಕೇಳಿದ್ದಳು. ಬೇಕಾದಾಗ ಗೊತ್ತಾಗುತ್ತದೆ ಎಂದಿದ್ದೆ.

ಯೋಜನೆ ಮೇಘಳದು. ಊರಿನ ಕಡಲತೀರದಿಂದ ದಕ್ಷಿಣಕ್ಕೆ ನಡೆಯುತ್ತ ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಪ್ರತಿ ಎರಡು ತೀರಗಳ ನಡುವೆ ಒಂದು ಗುಡ್ಡ. ವಾಪಸು ದೋಣಿಯಲ್ಲಿ. ತಿಂಡಿಗೆ ಕೂತಾಗ, ಅವ್ವ ಲಾಡ್ಜಿನಲ್ಲೇ ಇರಲಿ, ಸಂಜೆ ದಂಡೆಯಲ್ಲಿ ಕೂರಿಸಿ ಸಮುದ್ರ ತೋರಿಸೋಣ ಎಂದೆ. ಅವ್ವ ಕೈಯಲ್ಲಿದ್ದ ಬನ್ಸು ತಟ್ಟೆಗೆ ಹಾಕಿದಳು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ಅವ್ವನ ತವರಿನವರು ಕೆ.ಆರ್. ಪುರದಾಚೆ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದರು. ಹನ್ನೆರಡನೇ ವಯಸ್ಸಿನಿಂದ ಅವಳು ಆ ಸೊಪ್ಪಿನ ಹೊರೆ ತಲೆಯ ಮೇಲಿಟ್ಟು ಹಲಸೂರು ಮಾರ್ಕೆಟ್ಟಿಗೆ ನಡೆದವಳು. ಸೊಪ್ಪು ಹೋಯಿತು, ಹೊಲವೂ ಹೋಯಿತು, ನಡಿಗೆ ಉಳಿಯಿತು. ಪ್ರತಿ ಸೋಮವಾರ ನಮ್ಮ ಮನೆಯಿಂದ ಹಲಸೂರಿನ ಸೋಮೇಶ್ವರನ ಗುಡಿಗೆ ಒಬ್ಬಳೇ ನಡೆದು ಹೋಗಿ, ಬಸ್ಸಿನಲ್ಲಿ ಬರುತ್ತಿದ್ದಳು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮಂಡಿಗೆ ಪೆಟ್ಟಾಯಿತು. ವಾಸಿಯಾದ ಮೇಲೆ ಡಾಕ್ಟರು "ಜೋಪಾನವಾಗಿ ನಡೀಲಿ" ಅಂದರು. ನಾನು ಮೊದಲ ಪದವನ್ನು ಮಾತ್ರ ಕೇಳಿಸಿಕೊಂಡು ಅವಳ ಸೋಮವಾರಗಳನ್ನು ನಿಲ್ಲಿಸಿಬಿಟ್ಟೆ. ಆಟೋದಲ್ಲಿ ಕಳಿಸಿದೆ. ಎರಡು ವಾರ ಹೋಗಿ ಬಿಟ್ಟುಬಿಟ್ಟಳು. "ಆಟೋದಲ್ಲಿ ಹೋದ್ರೆ ದಾರೀಲಿ ಯಾರೂ ಸಿಗಲ್ಲ ಕಣೋ" ಅಂದಳು.

ಈಗ ಬನ್ಸು ಕೆಳಗಿಟ್ಟು ಹೇಳಿದಳು, "ನೋಡು ರಾಜ, ಆ ಕೊನೇ ತೀರದವರೆಗೂ ನಡೀತೀನಿ. ನಡೆದ್ರೆ ಸೋಮವಾರ ನಂದು. ಆಮೇಲೆ ನೀನು ಬಾಯಿ ಬಿಡಂಗಿಲ್ಲ."

"ಆಗ್ದಿದ್ರೆ?"

"ಸಾಯೋವರೆಗೂ ನಿನ್ ಆಟೋದಲ್ಲೇ ಹೋಗ್ತೀನಿ."

ಕರಡು ತಿದ್ದುವವನು ಇಷ್ಟಕ್ಕೇ ಸಹಿ ಹಾಕುತ್ತಾನೆಯೇ? ಷರತ್ತು ಸೇರಿಸಿದೆ. ಮರಳಿನ ಮೇಲೆ ಎಷ್ಟು ಬೇಕಾದರೂ ಕೂತುಕೋ, ಆದರೆ ಎರಡು ತೀರಗಳ ನಡುವಿನ ದಾರಿಯಲ್ಲಿ ಒಂದು ಸಲ ಕೂತರೂ ಸೋತಂತೆ.

"ಈ ರೂಲು ಅತ್ತೇಗೆ ಮಾತ್ರಾನಾ, ನಿಮಗೂನಾ?" ಎಂದು ಸುಜಾತ ಕೇಳಿದಳು.

"ನನ್ನ ವಿಷಯ ಬೇಡ" ಅಂದೆ.

ಹೊರಟ ಬೀದಿಯಲ್ಲೇ, ಕೊರಳ ತುಂಬ ಮಣಿಸರ ಹಾಕಿದ ಹೆಂಗಸೊಬ್ಬಳು ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಬಂದು, ಇಳಿಸಲು ಕೈ ಕೊಡುವವರಿಗಾಗಿ ಅತ್ತಿತ್ತ ನೋಡಿದಳು. ನಾನು ಯೋಚಿಸುವಷ್ಟರಲ್ಲಿ ಅವ್ವ ಹೋಗಿ ಬುಟ್ಟಿಗೆ ಕೈ ಹಾಕಿದ್ದಳು. ಮೊದಲು ಬುಟ್ಟಿ ಇಳಿಯಿತು, ಆಮೇಲೆ ಮಾತು. ಎಷ್ಟು ದೂರದಿಂದ ಬರ್ತೀಯಮ್ಮ, ಕತ್ತು ನೋಯಲ್ವಾ, ಹರಿವೆ ಸೊಪ್ಪು ಕಟ್ಟಿಗೆ ಎಷ್ಟು. ಅವ್ವ ಅವಳ ಸಿಂಬಿಯನ್ನು, ಎಂದರೆ ಬುಟ್ಟಿಯ ಕೆಳಗೆ ತಲೆಗಿಡುವ ಬಟ್ಟೆಯ ಸುರುಳಿಯನ್ನು, ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ "ನಮ್ದು ಇನ್ನೂ ದಪ್ಪ ಇರ್ತಿತ್ತು" ಎಂದಳು. ನಮ್ಮ ದಾರಿಯನ್ನು ಕೇಳಿ ಆ ಹೆಂಗಸು, "ಗುಡ್ಡ ಹತ್ತೂಕೆ ಏನೂ ಕಷ್ಟ ಇಲ್ಲ ಅಮ್ಮ. ಓಂ ದಾಟಿದ ಮೇಲೆ ಮಾತ್ರ ಹಾದಿ ಸಪೂರ" ಎಂದಳು. ಸಪೂರ ಎಂದರೆ ತೆಳ್ಳಗೆ, ಸಣ್ಣಗೆ ಎಂದು ಸುಜಾತ ಅರ್ಥ ಹೇಳಿದಳು. ಆಗಲೇ ಹೇಳದಿದ್ದರೂ ನಡೆಯುತ್ತಿತ್ತು.

ಮೊದಲ ಗುಡ್ಡಕ್ಕೆ ಅರ್ಧ ಗಂಟೆ ಹಿಡಿಯಿತು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು, ಎಡಗಾಲನ್ನು ಸ್ವಲ್ಪ ಎಳೆಯುತ್ತ, ಆದರೆ ಒಂದೇ ಸಮನೆ ಹತ್ತಿದಳು. ಮೇಲಿನಿಂದ ಕುಡ್ಲೆ ಕಂಡಿತು. ಉದ್ದಕ್ಕೆ ಬಿಳಿ ಮರಳು, ನೀರಿನಂಚಿನಲ್ಲಿ ನಾಲ್ಕು ಹಸುಗಳು. ಸಮುದ್ರವನ್ನು ಹೀಗೆ ಮೇಲಿನಿಂದ, ಇಡಿಯಾಗಿ, ಅವ್ವ ನೋಡಿದ್ದು ಅದೇ ಮೊದಲು. ಏನು ಹೇಳುತ್ತಾಳೋ ಎಂದು ಮೇಘ ಕಾದು ನಿಂತಿದ್ದಳು. ಅವ್ವ ಬಹಳ ಹೊತ್ತು ನೋಡಿ, "ಇದಕ್ಕೆ ಏರಿ ಎಲ್ಲಿ?" ಎಂದು ಕೇಳಿದಳು. ಕೆರೆಯ ಕೆಳಗೆ ಬೆಳೆದವಳಿಗೆ ಇಷ್ಟು ನೀರನ್ನು ತಡೆದು ನಿಲ್ಲಿಸಿದವರು ಯಾರು ಎಂಬುದೇ ಮುಖ್ಯವಾಗಿತ್ತು.

ಎರಡನೇ ಗುಡ್ಡದ ಮೇಲೆ ಕೆಂಪು ಮುರಕಲ್ಲಿನ ಬಯಲು, ನೆರಳಿಲ್ಲ. ಬಿಸಿಲಿಗಿಂತ ಬೆವರೇ ಹೆಚ್ಚು. "ಸುಸ್ತಾಯ್ತಾ ಅವ್ವ?" ಎಂದು ನಾನು ಏಳು ಸಲ ಕೇಳಿದೆನಂತೆ, ಮೇಘ ಲೆಕ್ಕ ಇಟ್ಟಿದ್ದಳು. ಏಳನೇ ಸಲಕ್ಕೆ ಅವ್ವ "ನಿನ್ ಮಾತು ಕೇಳಿ ಸುಸ್ತಾಯ್ತು" ಎಂದಳು. ಓಂ ತೀರದ ಗುಡಿಸಲು ಹೋಟೆಲಿನಲ್ಲಿ ಅನ್ನ, ಮೀನಿನ ಸಾರು ಸಿಕ್ಕಿತು. ಸಾರಿನಲ್ಲಿ ತೆಂಗಿನಕಾಯಿ ಜಾಸ್ತಿ ಎಂದು ಗೊಣಗುತ್ತ ಅವ್ವ ಎರಡು ಸಲ ಹಾಕಿಸಿಕೊಂಡಳು. ಅಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಇಲ್ಲಿಂದಲೇ ದೋಣಿ ಮಾಡಿಕೊಂಡು ಹೋಗಬಹುದಲ್ಲ ಎಂದು ಮೆಲ್ಲಗೆ ಹೇಳಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಓಂ ದಾಟಿದ ಮೇಲಿನ ಹಾದಿ ನಿಜಕ್ಕೂ ಸಪೂರವಾಗಿತ್ತು. ಎಡಗಡೆ ಗುಡ್ಡದ ಪೊದೆ, ಬಲಗಡೆ ಕೆಳಗೆ ಬಂಡೆ, ಬಂಡೆಗೆ ಬಡಿಯುವ ಕಡಲು. ನಡುವೆ ಒಬ್ಬರು ನಡೆಯುವಷ್ಟು ಜಾಗ, ಅದರ ಮೇಲೆ ಸಡಿಲ ಜಲ್ಲಿ. ಮೇಘ ಮುಂದೆ, ಅವಳ ಹಿಂದೆ ಅವ್ವ, ಆಮೇಲೆ ನಾನು, ಕೊನೆಗೆ ಸುಜಾತ. ಅವ್ವ ಜಾರಿದರೆ ಹಿಡಿಯಲು ಎರಡೂ ಕೈ ಮುಂದೆ ಚಾಚಿಕೊಂಡೇ ಹೋಗುತ್ತಿದ್ದೆ. ಜಾರಿದ್ದು ನನ್ನ ಕಾಲು. ಅರ್ಧ ಅಡಿಯಷ್ಟೇ. ಆದರೆ ಬೆನ್ನಿನ ಚೀಲ ನನ್ನನ್ನು ಕಡಲಿನ ಕಡೆಗೆ ಎಳೆಯಿತು. ಹೇಗೋ ಗುಡ್ಡದ ಕಡೆ ವಾಲಿ ಅಲ್ಲೇ ಕೂತುಬಿಟ್ಟೆ. ಕೂತ ಮೇಲೆ ಏಳಲಾಗಲಿಲ್ಲ. ಕಣ್ಣು ತಾನಾಗಿ ಕೆಳಗಿನ ಬಂಡೆಗೆ ಹೋಗುತ್ತಿತ್ತು.

"ಏಳೋ" ಎಂದಳು ಅವ್ವ.

"ಐದು ನಿಮಿಷ ಅವ್ವ."

ಐದು ಹದಿನೈದಾಯಿತು. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವ್ವ ನಿಂತೇ ಇದ್ದಳು. ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು, ಎಡ ಮಂಡಿಯನ್ನು ಅಂಗೈಯಿಂದ ಅದುಮಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

"ಅಜ್ಜಿ, ನೀನೂ ಕೂತ್ಕೋ. ಅಪ್ಪಾನೇ ಕೂತಿದ್ದಾರಲ್ಲ" ಎಂದಳು ಮೇಘ.

"ಕೂತ್ಕೋ ಅವ್ವ, ಪಂದ್ಯ ಗಿಂದ್ಯ ಬಿಡು" ಎಂದೆ ನಾನೂ.

"ಆಹಾ! ಮನೇಗೋದ್ಮೇಲೆ 'ಪಾಪ ಅಂತ ಬಿಟ್ಕೊಟ್ಟೆ' ಅನ್ನಕ್ಕಾ? ಆ ಚೀಲ ತೆಗಿ ಇತ್ಲಾಗೆ."

ನನ್ನ ಟವೆಲನ್ನು ಎಳೆದುಕೊಂಡು ಎರಡು ಸುತ್ತು ಸುತ್ತಿ ಸಿಂಬಿ ಮಾಡಿದಳು. ಮೇಘ ಕೈ ಕೊಟ್ಟಳು. ನೀರು, ಕೊಡೆ, ಟಾರ್ಚು, ಹಗ್ಗ ಎಲ್ಲದರ ಸಮೇತ ನನ್ನ ಆತಂಕದ ಮೂಟೆ ಅವ್ವನ ತಲೆಯೇರಿತು. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಾದಿಗೆ ಚಾಚಿಕೊಂಡಿದ್ದ ತಲೆಯೆತ್ತರದ ಬಂಡೆಯೊಂದಕ್ಕೆ ಬೆನ್ನು ಕೊಟ್ಟು, ಯಾರ ಸಹಾಯವೂ ಇಲ್ಲದೆ ಚೀಲವನ್ನು ಅದರ ಮೇಲಕ್ಕೆ ಜಾರಿಸಿದಳು. ಆಮೇಲೆ ಬಂಡೆಗೆ ಒರಗಿ, ನಿಂತುಕೊಂಡೇ, ಉಸ್ಸಪ್ಪಾ ಅಂದಳು.

"ಹಳೇ ಮದ್ರಾಸ್ ರೋಡಲ್ಲಿ ಹಿಂಗೇ ಕಲ್ಲಿದ್ವು ಮಗ" ಎಂದು ಮೇಘಳಿಗೆ ಹೇಳತೊಡಗಿದಳು. "ಎರಡು ಕಲ್ಲು ನಿಲ್ಸಿ, ಮೇಲೊಂದು ಚಪ್ಪಡಿ. ಹೊರೆ ಅದ್ರ ಮೇಲೆ ಜಾರ್ಸೋದು, ಸುಧಾರಿಸ್ಕೊಳ್ಳೋದು, ಮತ್ತೆ ತಲೆ ಕೊಟ್ಟು ಹೊರಡೋದು. ಕೂತ್ರೆ ಕೆಟ್ಟಂಗೆ. ಹೊರೆ ಎತ್ತೋರು ಯಾರು ಬರ್ತಾರೆ?" ನನ್ನ ಕಡೆ ತಿರುಗಿದಳು. "ನಿನ್ ರೂಲಲ್ಲಿ ಒರಗಬಾರ್ದು ಅಂತ ಇತ್ತೇನೋ?"

ಇರಲಿಲ್ಲ. ನನ್ನ ಕರಡಿನಲ್ಲೇ ಬಿಟ್ಟುಹೋಗಿತ್ತು.

"ಇಲ್ಲ" ಅಂದೆ. ನಗು ಬಂತು. ನಗುತ್ತ ನಗುತ್ತಲೇ ಎದ್ದು ನಿಂತಿದ್ದೆ.

"ಕೆಳಗೆ ನೋಡ್ಬೇಡ. ನನ್ ಹಿಮ್ಮಡಿ ನೋಡ್ಕೊಂಡು ಬಾ" ಎಂದು ಬಂಡೆಯಿಂದ ಹೊರೆಯನ್ನು ಮತ್ತೆ ತಲೆಗೆ ತೆಗೆದುಕೊಂಡು ಹೊರಟಳು.

ಹಾಫ್ ಮೂನ್ ತಲುಪುವವರೆಗೆ ನಾನು ನೋಡಿದ್ದು ಎರಡು ಹಿಮ್ಮಡಿ ಮಾತ್ರ. ಒಡೆದು ಗೀರುಗೀರಾದ ಹಿಮ್ಮಡಿ. ಬೆಳಗಿನಿಂದ ಎಳೆಯುತ್ತಿದ್ದ ಎಡಗಾಲು, ತಲೆಯ ಮೇಲೆ ಭಾರ ಬಿದ್ದ ಮೇಲೆ, ಬಲಗಾಲಿನ ಜೊತೆ ಸಮನಾಗಿ ಬೀಳುತ್ತಿತ್ತು. ಬೆನ್ನು ನೆಟ್ಟಗಾಗಿತ್ತು, ಒಂದು ಕೈ ಹೊರೆಗೆ, ಇನ್ನೊಂದು ಗಾಳಿಯಲ್ಲಿ ಮೆಲ್ಲಗೆ ಬೀಸುತ್ತಿತ್ತು. ನಾನು ಹುಟ್ಟುವ ಮೊದಲಿನ ಅವ್ವ ಹೀಗೆ ನಡೆಯುತ್ತಿದ್ದಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಎದುರಿಗೆ ಬಂದ ಇಬ್ಬರು ವಿದೇಶಿಯರು ಪೊದೆಗೆ ಸರಿದು ದಾರಿ ಬಿಟ್ಟು ನಿಂತರು. "ಅವರು ನಮ್ಮಜ್ಜಿ!" ಎಂದು ಮೇಘ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ನನಗೂ ಹೇಳಬೇಕೆನ್ನಿಸಿತ್ತು, ಉಸಿರು ಸಾಲಲಿಲ್ಲ.

ಕೊನೆಯ ದಾರಿ ಬರೀ ಬಂಡೆ. ಅಲ್ಲಿ ಅವ್ವ ಚೀಲವನ್ನು ಸುಜಾತಳಿಗೆ ಕೊಟ್ಟು, ಕೈಗಳನ್ನೂ ಊರಿ, ಒಂದೊಂದೇ ಬಂಡೆ ದಾಟಿದಳು. ಹಗ್ಗ ಯಾವುದಕ್ಕೂ ಬೇಕಾಗಲಿಲ್ಲ. ನಾಲ್ಕೂ ಕಾಲಿನ ಹೊತ್ತಿಗೆ ಪ್ಯಾರಡೈಸಿನ ಮರಳು ತುಳಿದವಳೇ ಕಾಲು ಚಾಚಿ ಕೂತಳು. ಅಲೆ ಬಂದು ಸೀರೆಯ ಅಂಚು ನೆನೆಸಿತು. "ಇವತ್ತೇನೋ ವಾರ?" ಎಂದು ಕೇಳಿದಳು.

"ಶನಿವಾರ."

"ಹಾಗಾದ್ರೆ ಇನ್ನೆರಡೇ ದಿನ."

ವಾಪಸಿನ ದೋಣಿ ತಲೆಗೆ ನೂರು ರೂಪಾಯಿ. ದೋಣಿ ಅಲೆಯ ಮೇಲೆ ಎದ್ದು ಬಿದ್ದಾಗ ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಇಳಿಯುವವರೆಗೂ ಬಿಡಲಿಲ್ಲ.

ಭಾನುವಾರ ರಾತ್ರಿ ಮನೆ ಸೇರಿದೆವು. ಸೋಮವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಹೊರಟುಹೋಗಿದ್ದಳು. ಸುಜಾತ "ಬಾಯಿ ಬಿಡಂಗಿಲ್ಲ" ಎಂದು ನೆನಪಿಸಿದಳು. ಬಾಯಿ ಬಿಡಲಿಲ್ಲ. ಅರ್ಧ ಗಂಟೆ ಬೇಗನೇ ಬಸ್ಸು ಹತ್ತಿ, ಫುಟ್‌ಪಾತ್ ಕಾಣುವ ಕಡೆಯ ಕಿಟಕಿಯಲ್ಲಿ ಕೂತೆ, ಅಷ್ಟೇ. ಇಂದಿರಾನಗರದ ಹತ್ತಿರ ಅವಳು ಕಂಡಳು. ಯಾವುದೋ ಹೂವಿನವಳ ಜೊತೆ ನಿಂತು ಎರಡೂ ಕೈ ಅಗಲಿಸಿ ಏನನ್ನೋ ವಿವರಿಸುತ್ತಿದ್ದಳು. ಏರಿ ಇಲ್ಲದ ನೀರಿನ ಬಗ್ಗೆಯೇ ಇರಬೇಕು. ನಮ್ಮ ಬಸ್ಸು ಮುಂದೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಐದು ನಿಮಿಷವಾದರೂ ಅಲುಗಲಿಲ್ಲ. ಹಿಂದಿನಿಂದ ಅವ್ವ ಬಂದಳು. ಒಂದೇ ಸಮನೆ, ನೆಟ್ಟಗೆ, ಒಂದು ಕೈ ಬೀಸುತ್ತ, ನನ್ನ ಕಿಟಕಿಯ ಪಕ್ಕದಲ್ಲೇ. ತಲೆ ತಗ್ಗಿಸಿದೆ.

"ಏನ್ ಸಾರ್, ಏನಾದ್ರೂ ಬಿತ್ತಾ?" ಎಂದು ಕಂಡಕ್ಟರು ಕೇಳಿದರು.

"ಅಲ್ನೋಡಿ, ಹಸಿರು ಸೀರೆ" ಎಂದು ತೋರಿಸಿದೆ. "ನಮ್ಮವ್ವ."

ಅವರು ಬಗ್ಗಿ ನೋಡುವಷ್ಟರಲ್ಲಿ ಅವ್ವ ಬಸ್ಸನ್ನು ದಾಟಿ, ಅದರ ಮುಂದಿನ ಬಸ್ಸನ್ನೂ ದಾಟಿ ಹೋಗುತ್ತಿದ್ದಳು.