ಮೊದಲ ಬಾಣಂತನ

ಪುರಾಣ ಕೇಳುವವರಿಗೆ ನಿದ್ದೆ ಬರುವುದು ವಂಶಾವಳಿಯ ಭಾಗದಲ್ಲಿ. ಯುದ್ಧ ಬಂದರೆ ಕಣ್ಣು ತೆರೆದಿರುತ್ತದೆ, ಶಾಪ ಬಂದರೆ ಕಿವಿಯೂ ತೆರೆದುಕೊಳ್ಳುತ್ತದೆ. ಇಂಥವನಿಗೆ ಇಂಥವಳಲ್ಲಿ ಇಂಥವರು ಹುಟ್ಟಿದರು ಎಂದು ಶುರುವಾದ ಕೂಡಲೇ ಗೋಡೆಗೆ ಒರಗಿದ ತಲೆಗಳು ಒಂದೊಂದಾಗಿ ಬಾಗುತ್ತವೆ. ನಾನೂ ಬಹುಕಾಲ ಹಾಗೆ ತಲೆಬಾಗಿದವನೇ. ನೋಡಿದವರು ಅದನ್ನು ಭಕ್ತಿಯೆಂದು ತಿಳಿದಿರಲೂಬಹುದು. ಈಗ ಮಾತ್ರ ಆ ಭಾಗ ಬಂದರೆ ನೆಟ್ಟಗೆ ಕೂರುತ್ತೇನೆ. ಸೃಷ್ಟಿಯ ಆರಂಭದಲ್ಲಿ ಯಾರು ಯಾರನ್ನು ಮದುವೆಯಾದರು ಎಂಬ ಪ್ರಶ್ನೆ ಒಮ್ಮೆ ನನ್ನ ಮದುವೆಯ ದಾರಿಗೇ ಅಡ್ಡ ನಿಂತಿತ್ತು. ಅಂಥವನಿಗೆ ನಿದ್ದೆ ಹೇಗೆ ಬಂದೀತು, ನೀವೇ ಹೇಳಿ.

ಅರವತ್ತರ ದಶಕದ ಕೊನೆಯ ವರ್ಷಗಳು. ನಾನು ಅಹಮದಾಬಾದಿನಲ್ಲಿ ವಿಮಾ ಕಚೇರಿಯ ಗುಮಾಸ್ತ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುಂದಾಪುರದ ಕಡೆಯಿಂದ ನನ್ನ ಜೊತೆಗೆ ಮಣಿನಗರ ಬಡಾವಣೆಗೆ ಬಂದಿದ್ದಳು. ಹಗಲೆಲ್ಲ ಗುಜರಾತಿಯ ನಡುವೆ ಮಾತಿಲ್ಲದೆ ಕಳೆದು, ಸಂಜೆ ಪುರಾಣ ತೆಗೆದು ಗಟ್ಟಿಯಾಗಿ ಓದುತ್ತಿದ್ದಳು. ತನ್ನ ಭಾಷೆ ತನ್ನ ಕಿವಿಗೆ ಬೀಳಲಿ ಎಂದಷ್ಟೇ ಅವಳ ಆಸೆ ಇದ್ದಿರಬೇಕು. ಶ್ರೋತೃ ನಾನೊಬ್ಬನೇ, ಅದೂ ತೂಕಡಿಸುವವನು.

ಒಂದು ಭಾನುವಾರ ಬರೋಡದ ಮಯ್ಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಯ್ಯರು ರೈಲ್ವೆಯವರು, ನಮ್ಮ ಊರ ಕಡೆಯವರು, ನಮ್ಮದೇ ಪಂಗಡದವರು. ಅವರ ಹೆಂಡತಿ ಕಮಲಮ್ಮ ಬಾಗಿಲಲ್ಲಿ ನಿಂತು "ಹ್ವಾಯ್, ಒಳಗ್ ಬನ್ನಿ, ಎಂತಕೆ ಹೊರಗೇ ನಿಂತ್ರಿ?" ಎಂದದ್ದೇ ತಡ, ಅಮ್ಮನ ಕಣ್ಣು ತುಂಬಿತು. ಅವರ ಒಬ್ಬಳೇ ಮಗಳು ಗಿರಿಜೆ ಬರೋಡದಲ್ಲೇ ಬೆಳೆದವಳು. "ಮಾಸಿ, ಬೇಸೋ ನೇ, ಚಾ ತತ್ತೆ" ಎಂದು ಒಂದೇ ಉಸಿರಿನಲ್ಲಿ ಅಮ್ಮನನ್ನು ಗುಜರಾತಿಯಲ್ಲಿ ಕೂರಿಸಿ ಕುಂದಾಪುರದ ಕನ್ನಡದಲ್ಲಿ ಚಹಾ ತರಲು ಹೋದಳು. ಆ ಚಹಾ ಬರುವಷ್ಟರಲ್ಲಿ ನನ್ನ ಮನಸ್ಸು ನಿಶ್ಚಯವಾಗಿತ್ತು. ಅವಳ ಮನಸ್ಸು ಪೂಜೆ ಮುಗಿಯುವ ಹೊತ್ತಿಗೆ ಆಯಿತೆಂದು ಅವಳು ಈಗಲೂ ಹೇಳುತ್ತಾಳೆ. ಬಾಳೆಲೆ ತೊಳೆಯಲು ನಾನು ಪಟ್ಟ ಪಾಡು ನೋಡಿ ಕನಿಕರವಾಯಿತಂತೆ. ಸಂಜೆ ಹೊರಡುವಾಗ ಅಮ್ಮ ತನಗೆ ಕೊಟ್ಟ ಪ್ರಸಾದದ ಹೂವನ್ನು ಗಿರಿಜೆಯ ಜಡೆಗೆ ಮುಡಿಸಿ, "ಈ ಹೆಣ್ಣ್ ನಮ್ಮನಿಗೇ ಬರ್ಲಿ" ಎಂದು ಎಲ್ಲರೆದುರು ಹೇಳಿಬಿಟ್ಟಳು.

ಊರಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಮೊದಲು ಗೋತ್ರ ಕೇಳುತ್ತಾರೆ, ಆಮೇಲೆ ಕಾಲಿಗೆ ನೀರು ಕೊಡುತ್ತಾರೆ. ಪರಸ್ಥಳದಲ್ಲಿ ನಮ್ಮವರು ಸಿಕ್ಕ ಸಂಭ್ರಮದಲ್ಲಿ ಎರಡು ಮನೆಯವರೂ ಮೊದಲ ಪ್ರಶ್ನೆಯನ್ನೇ ಮರೆತಿದ್ದರು. ನಮ್ಮನ್ನು ರೈಲು ಹತ್ತಿಸಲು ಬಂದ ಮಯ್ಯರಿಗೆ ಅದು ಪ್ಲಾಟ್‌ಫಾರಮ್ಮಿನಲ್ಲಿ ನೆನಪಾಯಿತು.

"ಅಂದಹಾಂಗೆ ನಿಮ್ದ್ ಗೋತ್ರ ಯಾವ್ದಾಯ್ತ್?"

"ಭಾರದ್ವಾಜ" ಎಂದಳು ಅಮ್ಮ.

ಮಯ್ಯರದೂ ಅದೇ ಗೋತ್ರ. ಅವರ ಮುಖದಲ್ಲಿ ನಗು ಇದ್ದ ಜಾಗ ಖಾಲಿಯಾಯಿತು. ರೈಲು ಆಣಂದ ದಾಟುವವರೆಗೆ ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಅವ್ಳ್ ನಿಂಗೆ ತಂಗಿ ಆತ್ಲಲೆ ಮಗಾ" ಎಂದಳು. ಒಂದು ಗೋತ್ರದವರೆಂದರೆ ಒಬ್ಬ ಋಷಿಯ ಸಂತಾನ, ಅಣ್ಣತಂಗಿಯರು. ಅದು ಅವಳಿಗೆ ನಂಬಿಕೆಗಿಂತ ಹೆಚ್ಚಾಗಿ ಕಣ್ಣಿಗೆ ಕಾಣುವ ಸಂಗತಿ.

ಮರುದಿನದಿಂದ ನಾನು ವಂಶಾವಳಿಯ ವಿದ್ಯಾರ್ಥಿಯಾದೆ. ಬ್ರಹ್ಮನಿಂದ ಸ್ವಾಯಂಭುವ ಮನು, ಬ್ರಹ್ಮನಿಂದಲೇ ಶತರೂಪೆ. ಆ ಇಬ್ಬರೇ ಮೊದಲ ದಂಪತಿ. ಅವರ ಮಗಳು ಪ್ರಸೂತಿಯನ್ನು ಮದುವೆಯಾದ ದಕ್ಷನೂ ಬ್ರಹ್ಮನ ಮಗನೇ, ಎಂದರೆ ಹುಡುಗಿಗೆ ಚಿಕ್ಕಪ್ಪ. ದಕ್ಷನ ಹೆಣ್ಣುಮಕ್ಕಳನ್ನು ಸಾಲಾಗಿ ಮದುವೆಯಾದ ಕಶ್ಯಪನೋ, ಬ್ರಹ್ಮನ ಮೊಮ್ಮಗ. ದೇವತೆಗಳು, ದೈತ್ಯರು, ಹಕ್ಕಿಗಳು, ಹಾವುಗಳು, ಎಲ್ಲರೂ ಆ ಒಂದೇ ಮನೆಯ ಅಂಗಳದಲ್ಲಿ ತುಂಬಿಕೊಂಡವರು. ಪಕ್ಕದ ಮನೆಯ ಕ್ರೈಸ್ತ ಮಾಸ್ತರರನ್ನೂ ವಿಚಾರಿಸಿದೆ. ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳೆಂದು ತಮ್ಮ ಶಾಲೆಯ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, ತಂಗಿಯೇ ಇದ್ದಿರಬೇಕೆಂದು ಹಿರಿಯರು ಹೇಳುತ್ತಾರೆ, ತಾವು ಆ ದಿನ ಬೇಗ ಗಂಟೆ ಬಾರಿಸಿಬಿಡುವುದಾಗಿ ಹೇಳಿದರು. ಇಷ್ಟೆಲ್ಲ ಸಾಮಗ್ರಿ ಜೋಡಿಸಿಕೊಂಡು ಅಮ್ಮನ ಮುಂದೆ ವಾದ ಮಂಡಿಸಿದೆ. ಮೂಲದಲ್ಲಿ ಎಲ್ಲರೂ ಒಂದೇ ಗೋತ್ರವಾದರೆ ನಮ್ಮಿಬ್ಬರದು ಯಾವ ದೊಡ್ಡ ತಪ್ಪು?

ಅಮ್ಮ ಬೀನ್ಸ್ ಸೋಸುತ್ತ ಕೇಳಿಸಿಕೊಂಡಳು. "ಆಗ ಲೋಕದಾಗೆ ಜನವೇ ಇರ್ಲಿಲ್ಲ, ಅವ್ರ್ ಎಂತ ಮಾಡುದ್? ಈಗ ಜನ ಹೆಚ್ಚಾಯ್ತ್ ಅಂದೇಳಿ ಸರ್ಕಾರವೇ ಗ್ವಾಡಿ ಮೇಲೆ ಕೆಂಪು ತ್ರಿಕೋನ ಬರ್ಸಿದ್ದ್. ಇಷ್ಟ್ ಜನರೊಳಗೆ ನಿಂಗೆ ತಂಗಿಯೇ ಆಯ್ಕಾ?"

ಕುಟುಂಬ ಯೋಜನೆಯ ಜಾಹೀರಾತನ್ನು ಸಗೋತ್ರ ವಿವಾಹದ ವಿರುದ್ಧ ಸಾಕ್ಷಿಗೆ ಕರೆದವರು ಅಮ್ಮನ ಹೊರತು ಇನ್ನೊಬ್ಬರಿರಲಾರರು. ನನ್ನ ವಾದ ಅಲ್ಲಿಗೆ ಮುಗಿಯಿತು.

ದಾರಿ ತೋರಿಸಿದವರು ಸೂರತಿನ ಐತಾಳರು. ಉಧ್ನಾ ಕಡೆಗೆ ಹೋಗುವ ರಸ್ತೆಯಲ್ಲಿ ಗಿರಣಿಯವರಿಗೆ ಇಡ್ಲಿ ದೋಸೆ ಕೊಡುವ ಹೋಟೆಲು ಅವರದು. ಅಹಮದಾಬಾದಿಗೆ ಬಂದಾಗ ನಮ್ಮ ಮನೆಯಲ್ಲಿ ಊಟ ಮಾಡುವುದು ವಾಡಿಕೆ. ಕಥೆ ಕೇಳಿ, ಸಾರು ಸುರಿದುಕೊಂಡು, "ಇದಕ್ಕ್ ಇಷ್ಟ್ ತಲಿಬಿಸಿ ಎಂತಕೆ? ನಮ್ದ್ ವಿಶ್ವಾಮಿತ್ರ ಗೋತ್ರ. ಹೆಣ್ಣನ್ನ ನಂಗೆ ದತ್ತು ಕೊಡ್ಲಿ, ಧಾರೆ ನಾ ಎರಿತೆ. ಒಂದ್ ಬೆಳಿಗ್ಗಿನ ಕೆಲ್ಸ" ಎಂದರು. ಊರಲ್ಲಿ ಹೀಗೆ ಮಾಡಿದ್ದನ್ನು ಅಮ್ಮ ಕಂಡಿದ್ದಳು. ದತ್ತು ಹೋದವಳಿಗೆ ಸಾಕಿದವರ ಗೋತ್ರ. ಆಮೇಲೆ ಅವಳು ನನಗೆ ತಂಗಿಯಲ್ಲ. ಅಮ್ಮ ಒಪ್ಪಿದಳು, ಮಯ್ಯರು ಒಪ್ಪಿದರು. ಐತಾಳರು ಕೇಳಲು ಮರೆತದ್ದು ಹೆಂಡತಿ ಸರಸ್ವತಮ್ಮನನ್ನು ಮಾತ್ರ.

ಎಲ್ಲರೂ ಸೂರತಿಗೆ ಹೋದೆವು. ಹೋಟೆಲಿನ ಮೇಲಿನ ಅವರ ಮನೆಯಲ್ಲಿ ಕುಳಿತಿದ್ದಾಗ ಸರಸ್ವತಮ್ಮ ಅಡುಗೆಮನೆಯಿಂದ ಬಂದು ನಿಂತರು. ಆ ದಂಪತಿಗೆ ಮಕ್ಕಳಿರಲಿಲ್ಲ.

"ಒಂದ್ ಬೆಳಿಗ್ಗಿಗೆ ಅಮ್ಮ ಆಪುಕೆ ನಾ ಎಂತ ಬಾಡಿಗಿ ಪಾತ್ರೆಯಾ?" ಎಂದರು. ದನಿ ಎತ್ತಿರಲಿಲ್ಲ. "ಮಧ್ಯಾಹ್ನ ಊಟ ಆದ್ಮೇಲೆ ತೊಳ್ದ್ ವಾಪಸ್ ಕೊಡುಕೆ? ಅದ್ ನನ್ನಿಂದ ಆಪ್ದಲ್ಲ. ಕೊಡೂದಾದ್ರೆ ಪೂರ್ತಿ ಕೊಡ್ಲಿ. ಹೆಣ್ಣಿನ ತವರ್ಮನಿ ಇದೇ. ಮೊದಲ್ ಬಾಣಂತನ ಇಲ್ಲೇ. ಇಲ್ದಿದ್ರೆ ನಂಗ್ ಬೇಡ."

ಐತಾಳರು "ಏ, ಸುಮ್ನಿರೆ ಮಾರಾಯ್ತಿ" ಎಂದು ನಗಲು ನೋಡಿದರು. ಯಾರೂ ನಗಲಿಲ್ಲ. ಎಲ್ಲರೂ ಕಮಲಮ್ಮನ ಕಡೆಗೆ ನೋಡಿದರು.

ಆ ಹೊತ್ತನ್ನು ನಾನು ಕಂಡಷ್ಟೇ ಹೇಳುತ್ತೇನೆ. ಕಮಲಮ್ಮ ಗೋಡೆಯ ಬದಿಯ ಚಾಪೆಯ ಮೇಲಿದ್ದರು. ಕೈಯಲ್ಲಿದ್ದ ಲೋಟವನ್ನು ನೆಲದ ಮೇಲಿಟ್ಟರು, ಸದ್ದಾಗಲಿಲ್ಲ. ಒಬ್ಬಳೇ ಮಗಳು. ಮಗಳ ಮೊದಲ ಹೆರಿಗೆಗೆ ತಾಯಿ ಮನಸ್ಸಿನಲ್ಲಿ ಎಷ್ಟು ವರ್ಷದಿಂದ ಎಣ್ಣೆ ಕಾಯಿಸಿರುತ್ತಾಳೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಗಿರಿಜೆ ತಾಯಿಯ ಪಕ್ಕಕ್ಕೆ ಸರಿದು, "ಮಮ್ಮಿ, ತು ಕಹೆ ತೇಮ್" ಎಂದಳು. ನೀನು ಹೇಳಿದ ಹಾಗೆ, ಎಂದು. ಬೇಡ ಎಂದರೆ ಮದುವೆ ಅಲ್ಲಿಗೆ ಮುಗಿಯುತ್ತಿತ್ತು; ಯಾರೂ ಅವರನ್ನು ದೂರುತ್ತಿರಲಿಲ್ಲ, ನಾನೂ ಕೂಡ. ಕೆಳಗೆ ಹೋಟೆಲಿನಲ್ಲಿ ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಕಮಲಮ್ಮ ಮಗಳ ಮುಖ ನೋಡಿದರು, ಆಮೇಲೆ ಸರಸ್ವತಮ್ಮನ ಮುಖ ನೋಡಿದರು.

"ಕೊಟ್ಟೆ" ಎಂದರು.

ಅಷ್ಟೇ. ಒಂದು ಜೀವಮಾನದ ಸುಖ ಅಷ್ಟು ಸಣ್ಣ ಮಾತಿನ ಮೇಲೆ ನಿಂತಿರಬಹುದೆಂದು ನನಗೆ ಯಾವ ಪುರಾಣವೂ ಹೇಳಿರಲಿಲ್ಲ.

ಮದುವೆಯಾಯಿತು. ದತ್ತು ಪಡೆದು ಧಾರೆ ಎರೆದವರು ಐತಾಳರೇ. ಒಂದು ಬೆಳಿಗ್ಗಿನ ಕೆಲಸ ಎಂದಿದ್ದವರು ಮದುವೆ ಮುಗಿದರೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಮರು ವರ್ಷ ಗಿರಿಜೆ ಮಾತಿನಂತೆ ಸೂರತಿಗೇ ಹೋದಳು. ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಬರೋಡದಿಂದ ಮಯ್ಯ ದಂಪತಿಯೂ ಬಂದಿದ್ದರು. ಕಮಲಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ, ನೆಂಟರು ಕೂರುವ ಜಾಗದಲ್ಲಿ, ಸೆರಗು ಹೊದ್ದು ಕೂತಿದ್ದರು. ಮಗುವನ್ನು ಎತ್ತಿಕೊಳ್ಳಲೇ ಎಂದು ಅವರು ಕೇಳಲಿಲ್ಲ.

ಬಚ್ಚಲಲ್ಲಿ ಸರಸ್ವತಮ್ಮ ಮಣೆಯ ಮೇಲೆ ಕೂತು ಕಾಲು ಚಾಚಿದ್ದರು. ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಬಿಸಿನೀರಿನ ಆವಿ ಏಳುತ್ತಿತ್ತು. ಚೊಂಬು ಹಿಡಿದ ಕೈ ಮಾತ್ರ ಏಳಲೇ ಇಲ್ಲ.

"ಕಮಲಕ್ಕಾ" ಎಂದರು ಕೊನೆಗೆ, ತಿರುಗದೆ. "ನಂಗ್ ಹೆದ್ರಿಕಿ ಆತ್ತ್. ನಾ ಒಂದ್ ಮಗುನೂ ಮೀಸ್ದೋಳಲ್ಲ. ಜಾರ್ತ್ ಇದ್."

ಪ್ರಸೂತಿ ಎಂಬ ಹೆಸರಿನ ಮಗಳನ್ನೇ ಹಡೆದ ಶತರೂಪೆಗೆ ಬಾಣಂತನ ಮಾಡಿದವರು ಯಾರು? ಆ ಪ್ರಶ್ನೆ ನನಗೆ ಹೊಳೆದದ್ದು ಅಲ್ಲಿ, ಬಚ್ಚಲ ಬಾಗಿಲಲ್ಲಿ. ಆದಾಮನ ಹೆಂಡತಿ ಹವ್ವಳ ಮಗುವಿಗೆ ನೀರು ಹದ ನೋಡಿದವರು ಯಾರು? ಯಾರಿಗೆ ಯಾರು ಹುಟ್ಟಿದರೆಂದು ಬರೆದವರು, ಹುಟ್ಟಿದ್ದನ್ನು ಯಾರು ಮೀಯಿಸಿದರೆಂದು ಬರೆಯಲಿಲ್ಲ. ಲೋಕದ ಮೊದಲ ತಾಯಿಗೆ ತಾಯಿ ಇರಲಿಲ್ಲ, ಅತ್ತೆ ಇರಲಿಲ್ಲ, ಪಕ್ಕದ ಮನೆಯವಳೂ ಇರಲಿಲ್ಲ. ಜಾರುವ ಮಗುವನ್ನು ಹಿಡಿದು ಅವಳೂ ಹೀಗೆ ಒಬ್ಬಳೇ ಹೆದರಿ ಕೂತಿರಬೇಕು. ನನ್ನ ಮಗಳಿಗೋ ಹುಟ್ಟುವಾಗಲೇ ಮೂವರು ಅಜ್ಜಿಯರು. ನನ್ನಮ್ಮ ಆಗಲೇ ಟವೆಲು ಹಿಡಿದು ನಿಂತಿದ್ದಳು.

ಕಮಲಮ್ಮ ಕುರ್ಚಿಯಿಂದ ಎದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವರು ಮಗುವನ್ನು ತೆಗೆದುಕೊಂಡು ತಾವೇ ಕೂರುತ್ತಾರೆ ಎಂದುಕೊಂಡೆ. ಸರಸ್ವತಮ್ಮನೂ ಹಾಗೆಯೇ ತಿಳಿದು ಮಗುವನ್ನು ಎತ್ತಿ ಕೊಡಲು ನೋಡಿದರು.

"ಏಳ್ಬೇಡಿ, ಹಾಂಗೇ ಕೂಕಣಿ" ಎಂದರು ಕಮಲಮ್ಮ. "ಕಾಲ್ ಸೇರ್ಸಿ. ತಲಿ ಪಾದದ ಬದಿಗ್ ಇರ್ಲಿ. ಎಡಗೈ ಕುತ್ತಿಗಿ ಅಡಿಗೆ. ಹಾಂ. ನೀರ್ ನಾ ಹೊಯ್ತೆ."

ಮಗು ಕೆಳಗಿನ ಹೋಟೆಲಿಗೂ ಕೇಳುವಂತೆ ಕಿರುಚಿತು. ಸರಸ್ವತಮ್ಮ ಗಾಬರಿಯಿಂದ ತಲೆ ಎತ್ತಿದರು.

"ಅಳ್ಲಿ, ಅಳ್ಲಿ" ಎಂದು ಕಮಲಮ್ಮ ಇನ್ನೊಂದು ಚೊಂಬು ಮೊಗೆದರು. "ನೀವ್ ಕೈ ಬಿಡ್ಬೇಡಿ."